ತುಕ್ಕಿನ ಕೆಂಪು, ಸುಣ್ಣದ ಬಿಳುಪು

ಕಬ್ಬಿಣದ ತುಕ್ಕು ಎಲ್ಲ ಕಡೆಯೂ ಒಂದೇ. ಆದರೆ ಮನೆ ಕಟ್ಟುವವರ ಕೈಗೆ ಸಿಕ್ಕಾಗ ಅದು ಪಡೆಯುವ ಸ್ಥಾನ ಬೇರೆ ಬೇರೆ. ಸ್ವೀಡನ್ನಿನಲ್ಲಿ ಅದು ಮರದ ಗೋಡೆಗಳ ಮೇಲೆ ಏರಿತು. ಬೆಂಗಳೂರಿನಲ್ಲಿ ನೆಲಕ್ಕೆ ಇಳಿಯಿತು. ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆಗಳಲ್ಲಿ ಇನ್ನೂ ಉಳಿದಿರುವ ಹಳೆಯ ಮನೆಯೊಂದರ ಬಾಗಿಲು ದಾಟಿದರೆ ಮೊದಲು ಪಾದಕ್ಕೆ ತಗಲುವುದು ಈ ಕೆಂಪು ಗಾರೆ ನೆಲದ ತಂಪು. ತಲೆಯೆತ್ತಿದರೆ ಮಂಗಳೂರು ಹೆಂಚು, ಸುತ್ತ ನೋಡಿದರೆ ಸುಣ್ಣದ ಗೋಡೆ. ಈ ಮೂರೇ ಈ ಮನೆಗಳ ಒಟ್ಟು ಅಲಂಕಾರ ಎಂದರೂ ನಡೆದೀತು.

ಈಗ ಅಂಗಡಿಗಳಲ್ಲಿ ‘ನಾರ್ಡಿಕ್ ಶೈಲಿ’, ‘ಫ್ರೆಂಚ್ ಹಳ್ಳಿ ಶೈಲಿ’ ಎಂಬ ಹೆಸರಿನಲ್ಲಿ ಮನೆಯ ಸಜ್ಜು ಮಾರಾಟವಾಗುತ್ತದೆ. ಬಿಳಿ ಗೋಡೆ, ಕಡಿಮೆ ಪೀಠೋಪಕರಣ, ಬಣ್ಣ ಬಳಿಯದ ಮರ, ಹತ್ತಿಯ ಬಟ್ಟೆ, ಕಿಟಕಿಯಿಂದ ಧಾರಾಳವಾಗಿ ಬರುವ ಬೆಳಕು, ಮೂಲೆಯಲ್ಲೊಂದು ಹಸಿರು ಗಿಡ ಇದರ ಲಕ್ಷಣಗಳು. ಸ್ವೀಡನ್ನಿನ ಐಕಿಯ ಸಂಸ್ಥೆ 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ದೊಡ್ಡ ಮಳಿಗೆ ತೆರೆದ ಮೇಲೆ ಈ ರುಚಿ ಮಧ್ಯಮ ವರ್ಗದ ಮನೆಮನೆಯ ಮಾತಾಗಿದೆ. ವಿಚಿತ್ರವೆಂದರೆ, ಈ ಪಟ್ಟಿಯಲ್ಲಿರುವ ಒಂದೊಂದು ಲಕ್ಷಣವೂ ನೂರು ವರ್ಷಗಳ ಹಿಂದೆ ಬೆಂಗಳೂರಿನ ಗುಮಾಸ್ತರ, ಮೇಷ್ಟರ ಮನೆಗಳಲ್ಲಿ ಇತ್ತು. ಅದಕ್ಕೆ ಶೈಲಿ ಎಂಬ ಹೆಸರು ಮಾತ್ರ ಇರಲಿಲ್ಲ.

ಎರಡು ದೂರದ ನಾಡುಗಳಲ್ಲಿ ಒಂದೇ ಬಗೆಯ ಮನೆ ಹೇಗೆ ಹುಟ್ಟಿತು? ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತದ್ದು ಅಲ್ಲಲ್ಲಿ ಸ್ವಲ್ಪ ಉಂಟು. ಅದಕ್ಕಿಂತ ಹೆಚ್ಚಾಗಿ, ಕೈಯಲ್ಲಿ ಕಾಸು ಕಡಿಮೆ ಇದ್ದು ಮರ್ಯಾದೆಯಾಗಿ ಬದುಕಬೇಕೆಂಬ ಜನ ಎರಡೂ ಕಡೆ ಇದ್ದರು.

‘ಫ್ರೆಂಚ್’ ಮತ್ತು ‘ನಾರ್ಡಿಕ್’ ಎಂಬ ಎರಡು ಹೆಸರುಗಳು ಜೊತೆಯಾಗಿ ಬರುವುದಕ್ಕೂ ಒಂದು ಚರಿತ್ರೆ ಇದೆ. ಸ್ವೀಡನ್ನಿನ ದೊರೆ ಮೂರನೆಯ ಗುಸ್ತಾವ್ 1771ರಲ್ಲಿ ಯುವರಾಜನಾಗಿ ಪ್ಯಾರಿಸ್ಸಿನಲ್ಲಿದ್ದಾಗಲೇ ತಂದೆ ತೀರಿಕೊಂಡ ಸುದ್ದಿ ಬಂತು. ಫ್ರೆಂಚ್ ಅರಮನೆಗಳ ವೈಭವ ಅವನ ಕಣ್ಣಿನಿಂದ ಹೋಗಲಿಲ್ಲ. ತನ್ನ ನಾಡಿನಲ್ಲೂ ಅಂಥದ್ದೇ ಬೇಕೆಂದ. ಆದರೆ ಸ್ವೀಡನ್ ಫ್ರಾನ್ಸಿನಷ್ಟು ಸಿರಿವಂತ ದೇಶವಾಗಿರಲಿಲ್ಲ. ಚಿನ್ನದ ಲೇಪದ ಜಾಗದಲ್ಲಿ ಬೂದು, ಮುತ್ತಿನ ಬಿಳುಪು, ತಿಳಿನೀಲಿ ಬಣ್ಣ ಬಂತು. ಅಮೃತಶಿಲೆಯ ಜಾಗದಲ್ಲಿ ಅಮೃತಶಿಲೆಯಂತೆ ಬಣ್ಣ ಬಳಿದ ಪೈನ್ ಮರ ಬಂತು. ಚಳಿಗಾಲದಲ್ಲಿ ಸೂರ್ಯ ಮುಖ ತೋರಿಸುವುದೇ ಅಪರೂಪವಾದ ನಾಡಿನಲ್ಲಿ ಈ ತಿಳಿಬಣ್ಣಗಳು ಇದ್ದ ಅಲ್ಪ ಬೆಳಕನ್ನು ಹೆಚ್ಚಿಸಿ ತೋರಿಸಿದವು. ಹೀಗೆ ಬಡತನವೂ ಹವೆಯೂ ಸೇರಿ ಅರಮನೆಯ ನಕಲನ್ನು ಅಸಲಿಗಿಂತ ಬೇರೆಯೇ ಆದ ಒಂದು ಚೆಲುವನ್ನಾಗಿ ಮಾಡಿದವು. ಅದೇ ‘ಗುಸ್ತಾವಿಯನ್ ಶೈಲಿ’.

ಸಾಮಾನ್ಯ ಜನರ ಮನೆಯ ಕಥೆಯೂ ಇದೇ. ಸ್ವೀಡನ್ನಿನ ಫಾಲುನ್ ಎಂಬಲ್ಲಿ ದೊಡ್ಡ ತಾಮ್ರದ ಗಣಿ ಇತ್ತು. ತಾಮ್ರ ತೆಗೆದ ಮೇಲೆ ಉಳಿದ ಕಬ್ಬಿಣಾಂಶದ ಕೆಂಪು ಮಣ್ಣನ್ನು ನೀರು, ರೈ ಧಾನ್ಯದ ಹಿಟ್ಟು, ಅಗಸೆ ಎಣ್ಣೆಗಳೊಡನೆ ಕುದಿಸಿ ಬಣ್ಣ ಮಾಡುತ್ತಿದ್ದರು. ಮೊದಮೊದಲು ಸಿರಿವಂತರು ತಮ್ಮ ಮರದ ಮನೆ ಇಟ್ಟಿಗೆಯದೆಂದು ಕಾಣಲಿ ಎಂದು ಇದನ್ನು ಬಳಿಸಿದರು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ರೈತರ ಮನೆಗಳೂ ಕೆಂಪಾದವು. ಬಣ್ಣ ಅಗ್ಗವಾಗಿತ್ತು, ಮರವನ್ನೂ ಕಾಪಾಡುತ್ತಿತ್ತು. ಗಣಿ 1992ರಲ್ಲಿ ಮುಚ್ಚಿತು. ಬಣ್ಣ ಮಾತ್ರ ಈಗಲೂ ತಯಾರಾಗುತ್ತದೆ.

ಬೆಂಗಳೂರಿನ ಕಥೆ ಆರಂಭವಾಗುವುದು ಅರಮನೆಯಿಂದಲ್ಲ, ಒಂದು ರೋಗದಿಂದ. 1898ರ ಆಗಸ್ಟ್‌ನಲ್ಲಿ ನಗರಕ್ಕೆ ಪ್ಲೇಗು ಕಾಲಿಟ್ಟಿತು. ಹಳೆಯ ಪೇಟೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕಿಟಕಿ ಕಡಿಮೆ, ಕತ್ತಲೆ ಹೆಚ್ಚು, ಧಾನ್ಯದ ಮೂಟೆಗಳ ಸುತ್ತ ಇಲಿಗಳು. ಜನ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಆಗ ಶೇಷಾದ್ರಿ ಅಯ್ಯರ್ ಮೈಸೂರಿನ ದಿವಾನರು. ಮುಂದೆ ತಾವೂ ದಿವಾನರಾದ ವಿ.ಪಿ. ಮಾಧವರಾವ್ ಪ್ಲೇಗ್ ಕಮಿಷನರ್. ದಕ್ಷಿಣದಲ್ಲಿ ಬಸವನ ಗುಡಿಯ ಆಸುಪಾಸಿನಲ್ಲಿ, ಉತ್ತರದಲ್ಲಿ ಕಾಡುಮಲ್ಲೇಶ್ವರನ ಸನ್ನಿಧಿಯಲ್ಲಿ ಎರಡು ಹೊಸ ಬಡಾವಣೆಗಳು ಮೈತಳೆದವು. ಚಾಮರಾಜೇಂದ್ರ ಒಡೆಯರ ಹೆಸರಿನ ಚಾಮರಾಜಪೇಟೆ ಅದಕ್ಕೂ ಮೊದಲೇ, 1892ರಲ್ಲಿ ರೂಪುಗೊಂಡಿತ್ತು.

ಈ ಬಡಾವಣೆಗಳ ನೇರ ರಸ್ತೆ, ಅಡ್ಡರಸ್ತೆ, ಮನೆಯ ಸುತ್ತ ಬಿಡಬೇಕಾದ ಜಾಗ ಎಲ್ಲದರ ಹಿಂದೆ ಇದ್ದದ್ದು ಒಂದೇ ಚಿಂತೆ: ಗಾಳಿ ಬೆಳಕು ಬರಬೇಕು. ಇಂದು ‘ಬೆಳಕಿನ ಮನೆ’ ಎನ್ನುವುದು ಸೌಂದರ್ಯದ ಮಾತು. ಅಂದು ಅದು ಸಾವು ಬದುಕಿನ ಮಾತಾಗಿತ್ತು. ಎದುರುಬದುರು ಕಿಟಕಿಗಳು, ಗೋಡೆಯ ಮೇಲ್ಭಾಗದಲ್ಲಿ ಗಾಳಿಗಿಂಡಿಗಳು, ನಡುಮನೆಯ ಮೇಲೆ ಒಂದೆರಡು ಗಾಜಿನ ಹೆಂಚು ಬಂದದ್ದು ಹೀಗೆ. ಬೆಳಗಿನಿಂದ ಸಂಜೆಯವರೆಗೆ ಆ ಗಾಜಿನ ಹೆಂಚಿನಿಂದಿಳಿದ ಬಿಸಿಲಕೋಲು ಕೆಂಪು ನೆಲದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಅಜ್ಜಿಯಂದಿರಿಗೆ ಅದು ಗಡಿಯಾರವೂ ಹೌದು, ಹಪ್ಪಳ ಸಂಡಿಗೆ ಒಣಗಿಸುವ ಜಾಗವೂ ಹೌದು.

ಇದೇ ಹೊತ್ತಿನಲ್ಲಿ, 1899ರಲ್ಲಿ, ಸ್ವೀಡನ್ನಿನಲ್ಲಿ ಎರಡು ಪುಸ್ತಕಗಳು ಬಂದವು. ಒಂದು ಎಲೆನ್ ಕೇ ಎಂಬ ಲೇಖಕಿಯದು. ಹೆಸರು ‘ಎಲ್ಲರಿಗೂ ಸೌಂದರ್ಯ’ ಎಂಬರ್ಥದ್ದು. ಚೆಲುವು ಹಣವಂತರ ಸೊತ್ತಲ್ಲ, ಕೆಲಸಕ್ಕೆ ಒದಗುವ ಸರಳ ವಸ್ತುವೇ ಚೆಂದದ ವಸ್ತು, ಕೂಲಿಕಾರರ ಮನೆಯೂ ಚೆಲುವಾಗಿರಬಹುದು ಎಂಬುದು ಆಕೆಯ ವಾದ. ಇನ್ನೊಂದು ಕಾರ್ಲ್ ಲಾರ್ಸನ್ ಎಂಬ ಚಿತ್ರಕಾರನ ‘ಒಂದು ಮನೆ’. ಸುಂಡ್‌ಬೋರ್ನ್ ಹಳ್ಳಿಯಲ್ಲಿದ್ದ ತನ್ನ ಮರದ ಮನೆಯ ಕೋಣೆಗಳನ್ನು ಆತ ಜಲವರ್ಣದಲ್ಲಿ ಬಿಡಿಸಿದ್ದ. ಇಂದು ಜಗತ್ತಿನೆಲ್ಲೆಡೆ ಮಾರಾಟವಾಗುವ ನಾರ್ಡಿಕ್ ಮನೆಯ ಕಲ್ಪನೆಗೆ ಈ ಚಿತ್ರಗಳೇ ಒಂದು ಮೂಲ. ಆ ಮನೆಯ ಪರದೆ, ಹಾಸು, ಅನೇಕ ಪೀಠೋಪಕರಣಗಳನ್ನು ರೂಪಿಸಿದವಳು ಅವನ ಹೆಂಡತಿ ಕಾರಿನ್. ಚಿತ್ರಗಳ ಕೀರ್ತಿ ಗಂಡನಿಗೆ ಹೋಯಿತು. ಕಾರಿನ್‌ಳ ಕೈಚಳಕವನ್ನು ಲೋಕ ಗುರುತಿಸಿದ್ದು ಬಹಳ ತಡವಾಗಿ.

ಬಸವನಗುಡಿಯವರು ಈ ಪುಸ್ತಕಗಳನ್ನು ನೋಡಿ ಮನೆ ಕಟ್ಟಿದರೆಂದಲ್ಲ. ಆದರೆ ಅವರ ತಲೆಯ ಮೇಲಿನ ಹೆಂಚಿನಲ್ಲಿ ಯುರೋಪು ನಿಜವಾಗಿಯೇ ಇತ್ತು. ಒಂದರೊಳಗೊಂದು ಕೂಡಿಕೊಳ್ಳುವ ಹೆಂಚನ್ನು ಫ್ರಾನ್ಸಿನ ಅಲ್ಸೇಸ್ ಪ್ರಾಂತ್ಯದ ಆಲ್ಟ್‌ಕಿರ್ಷ್ ಊರಿನ ಗಿಲಾರ್ಡೋನಿ ಸಹೋದರರು 1841ರಲ್ಲಿ ತಮ್ಮ ಹಕ್ಕಾಗಿ ದಾಖಲಿಸಿದರು. ಮಾರ್ಸೇಲ್ಸ್ ಬಂದರಿನ ಸುತ್ತಲ ಕಾರ್ಖಾನೆಗಳು ಇಂಥ ಹೆಂಚನ್ನು ಲೋಕಕ್ಕೆಲ್ಲ ಹಡಗಿನಲ್ಲಿ ಕಳಿಸಿದ್ದರಿಂದ ಅದಕ್ಕೆ ‘ಮಾರ್ಸೇಲ್ಸ್ ಹೆಂಚು’ ಎಂದೇ ಹೆಸರಾಯಿತು. 1834ರಲ್ಲಿ ಮಂಗಳೂರಿಗೆ ಬಂದಿದ್ದ ಬಾಸೆಲ್ ಮಿಷನ್, ಮತಾಂತರದಿಂದ ಜಾತಿಯ ಆಸರೆ ಕಳೆದುಕೊಂಡವರಿಗೆ ಕೆಲಸ ಒದಗಿಸಬೇಕಾಗಿತ್ತು. ಅದಕ್ಕಾಗಿ ನೇಯ್ಗೆ, ಮುದ್ರಣಗಳ ಜೊತೆ ಹೆಂಚಿನ ಉದ್ಯಮಕ್ಕೂ ಕೈಹಾಕಿತು. ಜರ್ಮನಿಯ ಗಿಯೋರ್ಗ್ ಪ್ಲೆಬ್ಸ್ಟ್ 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭಿಸಿದ. ಫ್ರೆಂಚ್ ನಮೂನೆ, ಜರ್ಮನ್ ಯಂತ್ರಜ್ಞಾನ, ನೇತ್ರಾವತಿಯ ಜೇಡಿ, ತುಳುನಾಡಿನ ಕೈಗಳು ಸೇರಿ ‘ಮಂಗಳೂರು ಹೆಂಚು’ ಆಯಿತು.

ಈ ಹೆಂಚು ಮಧ್ಯಮ ವರ್ಗಕ್ಕೆ ಹಿಡಿಸಿದ್ದು ಚೆಂದಕ್ಕಿಂತ ಲೆಕ್ಕಾಚಾರಕ್ಕೆ. ಹಳೆಯ ನಾಡಹೆಂಚನ್ನು ವರ್ಷವರ್ಷ ಮಳೆಗಾಲಕ್ಕೆ ಮುಂಚೆ ಕೈಯಾಡಿಸಬೇಕಿತ್ತು. ಕೋತಿಯೋ ಬೆಕ್ಕೋ ಓಡಾಡಿದರೆ ಜರುಗುತ್ತಿತ್ತು. ಹೊಸದು ಕೊಂಡಿಯಂತೆ ಕೂಡಿಕೊಳ್ಳುವುದರಿಂದ ಸುಲಭವಾಗಿ ಅಲುಗದು. ಒಡೆದರೆ ಒಡೆದ ಹೆಂಚನ್ನಷ್ಟೇ ಬದಲಿಸಿದರೆ ಸಾಕು. ಮೊದಲ ಮಹಾಯುದ್ಧದಲ್ಲಿ ಮಿಷನ್ನಿನ ಉದ್ಯಮಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಬೆಂಗಳೂರಿನ ಮನೆಗಳಿಗೆ ಹೆಂಚು ಬರುವುದು ಮಾತ್ರ ನಿಲ್ಲಲಿಲ್ಲ.

ನೆಲದ ಕೆಲಸ ಇನ್ನೂ ಸ್ವಾರಸ್ಯದ್ದು. ಮಣ್ಣಿನ ಮೇಲೆ ಇಟ್ಟಿಗೆ ಚೂರು, ಸುಣ್ಣದ ಗಾರೆ ಹಾಸಿ ದಿಮ್ಮಸು ಬಡಿದು ಗಟ್ಟಿ ಮಾಡುತ್ತಿದ್ದರು. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಬೆರೆಸಿದ ತೆಳು ಪದರ. ಕರಣೆಯಿಂದ ಎಳೆದು ಎಳೆದು, ನುಣುಪು ಕಲ್ಲಿನಿಂದ ಉಜ್ಜಿ, ಹಲವು ದಿನ ನೀರು ನಿಲ್ಲಿಸಿ, ಒಣಗಿದ ಮೇಲೆ ತೆಂಗಿನೆಣ್ಣೆಯನ್ನೋ ಮೇಣವನ್ನೋ ತಿಕ್ಕುತ್ತಿದ್ದರು. ಒಂದು ಕೋಣೆಯ ಮೇಲುಪದರವನ್ನು ಒಂದೇ ಬಿಡುವಿನಲ್ಲಿ ಮುಗಿಸಬೇಕು. ಊಟಕ್ಕೆದ್ದು ಬಂದು ಮುಂದುವರಿಸಿದರೆ ಬೆಸುಗೆ ಜೀವಮಾನವಿಡೀ ಕಾಣುತ್ತದೆ. ಅನುಕೂಲಸ್ಥರು ಅಂಚಿಗೆ ಕಪ್ಪು ಅಥವಾ ಹಸಿರು ಪಟ್ಟಿ ಹಾಕಿಸುತ್ತಿದ್ದರು. ಇಲ್ಲಿ ದುಬಾರಿ ಸಾಮಗ್ರಿ ಯಾವುದೂ ಇಲ್ಲ. ಬೆಲೆಯೆಲ್ಲ ಗಾರೆಯವನ ಕೈಯಲ್ಲಿ. ಮದ್ರಾಸು ತಾರಸಿಯ ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿಯ ನೀರು ಬೆರೆಸುತ್ತಿದ್ದುದನ್ನು ಫಾಲುನ್ನಿನ ಬಣ್ಣಕ್ಕೆ ಹಿಟ್ಟು ಹಾಕಿ ಕುದಿಸುತ್ತಿದ್ದುದರ ಪಕ್ಕ ಇಟ್ಟು ನೋಡಬಹುದು. ಅಡುಗೆಮನೆಯ ಸಾಮಾನು ಕಟ್ಟಡಕ್ಕೂ ಒದಗುತ್ತಿದ್ದ ಕಾಲ ಅದು.

ಈ ನೆಲದ ಲಾಭ ಮೊದಲು ಮುಟ್ಟಿದ್ದು ಹೆಂಗಸರಿಗೆ. ಮಣ್ಣಿನ ನೆಲವನ್ನು ಮತ್ತೆ ಮತ್ತೆ ಸಗಣಿಯಿಂದ ಸಾರಿಸಬೇಕಿತ್ತು. ಗಾರೆ ನೆಲಕ್ಕೆ ಒದ್ದೆ ಬಟ್ಟೆ ಸಾಕು. ಹಾಗೆಂದು ದುಡಿಮೆ ಕಡಿಮೆಯೇನೂ ಆಗಲಿಲ್ಲ. ದಿನದಿನವೂ ಒರೆಸಿ ಒರೆಸಿಯೇ ಆ ನೆಲಕ್ಕೆ ಹೊಳಪು ಬಂದದ್ದು. ಹುಣಸೆಹಣ್ಣು, ಬೂದಿಯಿಂದ ತಿಕ್ಕಿದ್ದರಿಂದಲೇ ಹಿತ್ತಾಳೆ ದೀಪ, ತಾಮ್ರದ ಹಂಡೆ ಬಂಗಾರದಂತೆ ಕಂಡದ್ದು. ಮುಂಜಾನೆ ಬಾಗಿಲ ಮುಂದೆ ನೀರು ಚಿಮುಕಿಸಿ ಇಟ್ಟ ರಂಗೋಲಿ ಸಂಜೆಗೆ ಅಳಿಸಿಹೋಗುತ್ತಿತ್ತು. ಮಾರನೆಯ ದಿನ ಮತ್ತೊಂದು. ಕಾರಿನ್ ಲಾರ್ಸನ್‌ಳ ಹೆಸರಾದರೂ ತಡವಾಗಿ ಚರಿತ್ರೆಗೆ ಸೇರಿತು. ಬೆಂಗಳೂರಿನ ಈ ಹೆಂಗಸರ ಹೆಸರು ಎಲ್ಲಿಯೂ ದಾಖಲಾಗಿಲ್ಲ.

ಮರ್ಯಾದಸ್ಥ ಸರಳತೆಯ ಹಿಂಬದಿಯಲ್ಲಿ ಇನ್ನೊಂದು ಓಣಿಯೂ ಇತ್ತು. ಈ ಬಡಾವಣೆಗಳ ಮನೆಸಾಲುಗಳ ಬೆನ್ನಿಗೆ ‘ಕನ್ಸರ್ವೆನ್ಸಿ ಗಲ್ಲಿ’ಗಳನ್ನು ಬಿಟ್ಟಿದ್ದರು. ಒಳಚರಂಡಿ ಬರುವ ಮೊದಲು ಮಲ ಹೊರುವವರು ಬಂದು ಹೋಗುತ್ತಿದ್ದುದು ಆ ದಾರಿಯಲ್ಲಿ. ಮುಂಬಾಗಿಲ ರಂಗೋಲಿಯ ಎದುರು ಅವರು ಸುಳಿಯುವಂತಿರಲಿಲ್ಲ. ಹಳೆಯ ಮನೆಗಳ ಶುಚಿ, ಶಾಂತಿಗಳನ್ನು ಹೊಗಳುವಾಗ ಆ ಶುಚಿ ಯಾರ ಬೆನ್ನ ಮೇಲೆ ನಿಂತಿತ್ತು ಎಂಬುದನ್ನು ಮರೆಯಬಾರದು. ಹಿಂದಿನ ಕಾಲವನ್ನು ಹಾಗೆಹಾಗೆಯೇ ಮರಳಿ ತರಬೇಕೆನ್ನುವವರು ಈ ಗಲ್ಲಿಯನ್ನೂ ಒಮ್ಮೆ ನೋಡಬೇಕು.

ಮನೆಯ ಹೊರರೂಪಕ್ಕೆ ಮಾದರಿಯಾದದ್ದು ದಂಡು ಪ್ರದೇಶದ ಬ್ರಿಟಿಷರ ಬಂಗಲೆ. ಅಲ್ಲಿನ ವಿಶಾಲ ವರಾಂಡ, ಅಡ್ಡಡ್ಡ ಪಟ್ಟಿಗಳ ಮರದ ಜಾಲರಿ, ಕಿಟಕಿಯ ನೆತ್ತಿಗೆ ಟೊಪ್ಪಿಗೆಯಂತೆ ಚಾಚಿದ ‘ಮಂಕಿ ಟಾಪ್’ ಎಲ್ಲವೂ ಗುಮಾಸ್ತರ ನಿವೇಶನಕ್ಕೆ ತಕ್ಕಂತೆ ಚಿಕ್ಕದಾಗಿ ಬಂದವು. ಒಳಗೆ ಮಾತ್ರ ಮನೆ ತನ್ನ ಪಾಡಿಗೆ ತಾನಿತ್ತು: ಜಗಲಿ, ಹಜಾರ, ನಡುಮನೆ, ದೇವರ ಕೋಣೆ, ಹಿತ್ತಲಲ್ಲಿ ಬಾವಿ, ತುಳಸಿಕಟ್ಟೆ. ಗುಸ್ತಾವನ ನಾಡಿನವರು ವರ್ಸೇಲ್ಸನ್ನು ಪೈನ್ ಮರಕ್ಕೆ ಇಳಿಸಿದಂತೆ ಬೆಂಗಳೂರಿನವರು ಸಾಹೇಬರ ಬಂಗಲೆಯನ್ನು ತಿಂಗಳ ಸಂಬಳಕ್ಕೆ ಇಳಿಸಿಕೊಂಡರು.

ಒಳಗಿನ ಸಾಮಾನು ಎಷ್ಟಿತ್ತೆಂದು ಎಣಿಸಿದರೆ ಬೆರಳು ಮಿಗುತ್ತವೆ. ಹಜಾರದಲ್ಲೊಂದು ಬೆಂಚು, ಬೆತ್ತದ ಕುರ್ಚಿ ಒಂದೆರಡು, ಹಿರಿಯರಿಗೊಂದು ಈಜಿ ಚೇರು. ಗೋಡೆಯಲ್ಲೇ ಗೂಡು, ಕೋಟು ರುಮಾಲಿಗೆ ಗೂಟ, ಡಬ್ಬಿಗಳಿಗೆ ನಾಗಂದಿಗೆ, ಉಳಿದದ್ದಕ್ಕೆ ಅಟ್ಟ. ಹಗಲು ಸುತ್ತಿಟ್ಟ ಚಾಪೆ, ಜಮಖಾನಗಳು ರಾತ್ರಿ ಬಿಚ್ಚಿಕೊಂಡು ಅದೇ ಕೋಣೆಯನ್ನು ಮಲಗುವ ಮನೆಯಾಗಿಸುತ್ತಿದ್ದವು. ಗೋಡೆಗೆ ಒಂದೆರಡು ಪಟ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮರ ಮುದ್ರಣಾಲಯದಿಂದ ಲಕ್ಷ್ಮಿ ಸರಸ್ವತಿಯರು ಅಗ್ಗದ ಬೆಲೆಗೆ ಸಾಮಾನ್ಯರ ಮನೆ ಸೇರಿದ್ದರು. ಹಬ್ಬ ಬಂದರೆ ಮಾವಿನ ತೋರಣ. ದಸರೆಗೆ ಪೆಟ್ಟಿಗೆಯಿಂದ ಹೊರಬರುವ ಪಟ್ಟದ ಗೊಂಬೆಗಳು. ಹಬ್ಬ ಮುಗಿದರೆ ಮತ್ತೆ ಪೆಟ್ಟಿಗೆಗೆ. ವರ್ಷವಿಡೀ ಕಣ್ಣಿಗೆ ಬೀಳದ್ದರಿಂದಲೇ ಹತ್ತು ದಿನ ಅವು ಹೊಸದಾಗಿ ಕಾಣುತ್ತಿದ್ದವು.

ಸುಣ್ಣವೂ ಹಾಗೆಯೇ. ಹಬ್ಬಕ್ಕೆ ಮುಂಚೆ ಚಿಟಿಕೆ ನೀಲಿ ಬೆರೆಸಿ ಬಳಿದ ಸುಣ್ಣ ಗೋಡೆಗೆ ಬಿಳುಪು ಕೊಡುತ್ತಿತ್ತು, ಹುಳುಹುಪ್ಪಟೆ ತಡೆಯುತ್ತಿತ್ತು, ಗೋಡೆ ಉಸಿರಾಡಲು ಬಿಡುತ್ತಿತ್ತು. ಬುಡಕ್ಕೊಂದು ಕೆಮ್ಮಣ್ಣಿನ ಪಟ್ಟೆ ಎಳೆದರೆ ಪೊರಕೆಯ, ಕಾಲಿನ ಕಲೆ ಕಾಣದು. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂದ ಮೇಲೂ ಮನೆಗಳಲ್ಲಿ ಬಲ್ಬುಗಳು ಕಡಿಮೆಯೇ. ಇದ್ದ ಒಂದು ಬಲ್ಬಿನ ಬೆಳಕನ್ನು ಈ ಬಿಳಿಗೋಡೆಗಳು ಹಂಚಿಕೊಳ್ಳುತ್ತಿದ್ದವು.

ಸಾಲ ಒಂದೇ ದಿಕ್ಕಿನದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಇಂದು ಫ್ರೆಂಚ್ ಹಳ್ಳಿಮನೆಯ ಗುರುತಾಗಿರುವ ಹೂಬಳ್ಳಿಯ ಹತ್ತಿ ಬಟ್ಟೆ ಮೂಲತಃ ಹಿಂದೂಸ್ಥಾನದ ಚೀಟಿ ಬಟ್ಟೆ. ಅದರ ಮೋಹ ಎಷ್ಟಿತ್ತೆಂದರೆ ತನ್ನ ನೇಕಾರರನ್ನು ಉಳಿಸಲು ಫ್ರೆಂಚ್ ಸರಕಾರ 1686ರಲ್ಲಿ ಅದನ್ನು ನಿಷೇಧಿಸಿತು. 1759ರಲ್ಲಿ ನಿಷೇಧ ಹೋಯಿತು. ಮರುವರ್ಷವೇ ಓಬರ್‌ಕಾಂಫ್ ಎಂಬಾತ ಜೂಯಿ ಎಂಬ ಊರಿನಲ್ಲಿ ಅಚ್ಚಿನ ಬಟ್ಟೆಯ ಕಾರ್ಖಾನೆ ತೆರೆದು ಹೆಸರಾದ. ಇಂದು ಬೆಂಗಳೂರಿನ ಅಂಗಡಿಯಲ್ಲಿ ‘ಫ್ರೆಂಚ್’ ಎಂದು ಕೊಳ್ಳುವ ಹೂವಿನ ಪರದೆ ಹೀಗೆ ಸಮುದ್ರ ಸುತ್ತಿ ತವರಿಗೆ ಬಂದ ಮಗಳು.

1970ರ ದಶಕದ ನಂತರ ಈ ಮನೆಗಳ ದೆಸೆ ತಿರುಗಿತು. ನಿವೇಶನದ ಬೆಲೆ ಮನೆಯ ಬೆಲೆಯನ್ನು ಮೀರಿತು. ಅಣ್ಣತಮ್ಮಂದಿರ ಪಾಲಿನಲ್ಲಿ ಮನೆಯನ್ನು ಒಡೆದು ಹಂಚಲಾಗದು, ಹಣವನ್ನು ಹಂಚಬಹುದು. ಮಕ್ಕಳು ದೂರದ ಊರು ಸೇರಿದ ಮೇಲೆ ಸೋರುವ ಹೆಂಚು, ಗೆದ್ದಲು ಹತ್ತಿದ ತೊಲೆಯನ್ನು ನೋಡಿಕೊಳ್ಳುವುದು ಮುದುಕರಿಗೆ ಸುಲಭವಲ್ಲ. ಮಾರಿದವರನ್ನು ದೂರಿ ಫಲವಿಲ್ಲ. ಜಾನೆಟ್ ಪಾಟ್ 1977ರಲ್ಲಿ ಬೆಂಗಳೂರಿನ ಹಳೆಯ ಬಂಗಲೆಗಳ ಬಗ್ಗೆ, ಟಿ.ಪಿ. ಇಸ್ಸಾರ್ 1988ರಲ್ಲಿ ನಗರದ ಕಟ್ಟಡಗಳ ಬಗ್ಗೆ ಪುಸ್ತಕ ಮಾಡಿದ್ದರಿಂದ ಒಂದಷ್ಟರ ರೂಪವಾದರೂ ಉಳಿಯಿತು. ಕೆಡವಿದ ಮನೆಯ ತೇಗದ ಬಾಗಿಲು, ಕಂಬ, ಕಿಟಕಿಗಳು ಹಳೆಯ ಮರದ ಅಂಗಡಿಗೆ ಹೋಗಿ, ಅಲ್ಲಿಂದ ‘ಆಂಟಿಕ್’ ಎಂಬ ಹೊಸ ಹೆಸರು ಹೊತ್ತು ಬೇರೆಯವರ ಮನೆಗೆ ಹೋಗುತ್ತವೆ. ಮಾರಿದವರಿಗೆ ಸಿಕ್ಕಿದ್ದಕ್ಕೂ ಕೊಂಡವರು ತೆತ್ತದ್ದಕ್ಕೂ ಹೋಲಿಕೆಯಿಲ್ಲ.

ಹಾಗಾದರೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿರುವವರು ಈ ಚರಿತ್ರೆಯಿಂದ ಕಲಿಯುವುದೇನು? ಐಕಿಯ ಸಂಸ್ಥೆ 1956ರಲ್ಲಿ ಕಾಲು ಕಳಚಬಹುದಾದ ಮೇಜನ್ನು ಮಾರಿದ್ದು ಸಾಗಣೆಯ ವೆಚ್ಚ ಉಳಿಸಲು. ಅದು ಅಲ್ಲಿಯ ಜಾಣತನ. ಅದನ್ನು ಕೊಳ್ಳಬಾರದೆಂದಲ್ಲ. ಆದರೆ ಆ ಸರಳತೆಯ ನೆಪದಲ್ಲಿ ಕಂತಿನ ಸಾಲ ಮಾಡಿ ಮನೆ ತುಂಬಿಸಿಕೊಂಡರೆ ಎಲೆನ್ ಕೇ ಹೇಳಿದ್ದಕ್ಕೂ ಅದು ವಿರೋಧ, ಬಸವನಗುಡಿಯ ಅಜ್ಜಿ ಮಾಡಿದ್ದಕ್ಕೂ ವಿರೋಧ. ಮೊದಲು ತೆಗೆಯಬೇಕಾದ್ದನ್ನು ತೆಗೆದು ನೆಲ ಕಾಣಿಸುವುದು. ಕಿಟಕಿಗೆ ಅಡ್ಡವಾಗಿರುವ ಬೀರುವನ್ನು ಸರಿಸುವುದು. ಗೋಡೆಗೆ ಬಿಳಿ, ಅದರೆದುರು ಎಲ್ಲಾದರೂ ಒಂದೇ ಗಾಢ ಬಣ್ಣ. ಗಾಂಧಿಬಜಾರಿನಲ್ಲೋ ಮಲ್ಲೇಶ್ವರಂ ಎಂಟನೇ ಕ್ರಾಸಿನಲ್ಲೋ ಸಿಗುವ ಚಾಪೆ, ಬುಟ್ಟಿ, ಮಣ್ಣಿನ ಕುಂಡ. ಕೈಮಗ್ಗದ ಹತ್ತಿ ಪರದೆ. ಇಷ್ಟಕ್ಕೆ ಸಾವಿರಗಟ್ಟಲೆ ಬೇಕಾಗದು.

ಹಳೆಯ ಮನೆ ಇದ್ದವರ ಮಾತು ಬೇರೆ. ಬಿರುಕು ಬಿಟ್ಟಿದೆ ಎಂದು ಗಾರೆ ನೆಲದ ಮೇಲೆ ಟೈಲ್ಸ್ ಮುಚ್ಚುವ ಮುನ್ನ ಒಬ್ಬ ಹಳೆಯ ಗಾರೆಯವನನ್ನು ಕರೆಸಿ ತೋರಿಸುವುದು ಒಳ್ಳೆಯದು. ಆಸಿಡ್ಡಿನಿಂದ ತೊಳೆಯದೆ, ಬರೀ ನೀರಿನಿಂದ ಒರೆಸಿ ಆಗಾಗ ಎಣ್ಣೆಯ ಪಸೆ ಕೊಟ್ಟರೆ ಅದು ಇನ್ನೊಂದು ತಲೆಮಾರು ಬಾಳುತ್ತದೆ. ಮಲ್ಲೇಶ್ವರಂ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಮಣ್ಣಿನ ಒತ್ತಿಟ್ಟಿಗೆಗಳ ಬಳಕೆಯನ್ನು ಬೆಳೆಸಿತು. ಅಂಥ ಇಟ್ಟಿಗೆಯಲ್ಲಿ ಕಟ್ಟಿದ ಹೊಸ ಮನೆಗಳಲ್ಲಿ ಕೆಂಪು ನೆಲವನ್ನು ಕೇಳಿ ಹಾಕಿಸಿಕೊಳ್ಳುವವರಿದ್ದಾರೆ. ಅವರ ತೊಡಕು ಹಣದ್ದಲ್ಲ, ಸಾಮಗ್ರಿಯದೂ ಅಲ್ಲ. ಕೆಂಪು ಪುಡಿ ಅಂಗಡಿಯಲ್ಲಿ ಸಿಗುತ್ತದೆ, ಸುಣ್ಣವೂ ಸಿಗುತ್ತದೆ. ಬೆಸುಗೆ ಕಾಣದಂತೆ ಒಂದು ಕೋಣೆಯನ್ನು ಒಂದೇ ಬಿಡುವಿನಲ್ಲಿ ಎಳೆದು ಮುಗಿಸಬಲ್ಲ ಕೈಗಳು ಕಡಿಮೆಯಾಗಿವೆ. ಅವರಿಗೆ ಕೆಲಸ ಸಿಕ್ಕರೆ ಮಾತ್ರ ಅವರ ಮಕ್ಕಳು ಕರಣೆ ಹಿಡಿಯುತ್ತಾರೆ.